ಮೊದಲ ಲೈನ್ ಬ್ಯುಸಿಯಾದರೆ ಕರೆ ಮುಂದಿನ ಲೈನಿಗೆ ಹೋಗುತ್ತಿಲ್ಲ

ಪ್ರಶ್ನೆ: ನಮ್ಮ ಕಚೇರಿಯ ಇಪಿಎಬಿಎಕ್ಸ್‌ಗೆ (ಒಳಗಿನ ಫೋನ್‌ಗಳನ್ನು ಪರಸ್ಪರ ಹಾಗೂ ಹೊರ ಲೈನ್‌ಗಳೊಂದಿಗೆ ಜೋಡಿಸುವ ಯಂತ್ರ) 4 ಹೊರ ಲೈನ್‌ಗಳೂ 12 ಎಕ್ಸ್‌ಟೆನ್ಷನ್‌ಗಳೂ (ಒಳಗಿನ ಫೋನ್‌ಗಳು) ಇವೆ. ಮೊದಲ ಸಂಖ್ಯೆಯಲ್ಲಿ ಯಾರಾದರೂ ಮಾತನಾಡುತ್ತಿದ್ದರೆ, ಉಳಿದ 3 ಲೈನ್‌ಗಳು ಖಾಲಿಯಿದ್ದರೂ ಕರೆ ಮಾಡಿದವರಿಗೆ ಬ್ಯುಸಿ ಟೋನ್ ಕೇಳಿಸುತ್ತದೆ. ಸೆಟ್ಟಿಂಗ್‌ಗಳನ್ನೆಲ್ಲ ಜಾಲಾಡಿದರೂ ಪರಿಹಾರ ಸಿಕ್ಕಿಲ್ಲ.

ಉತ್ತರ 1: ದೋಷ ನಿಮ್ಮ ಯಂತ್ರದ್ದಲ್ಲ. ಒಳಬರುವ ಕರೆಯನ್ನು ಖಾಲಿಯಿರುವ ಲೈನಿಗೆ ಹೊರಳಿಸುವ ‘ಹಂಟಿಂಗ್’ ಸೌಲಭ್ಯವನ್ನು ದೂರವಾಣಿ ಸಂಸ್ಥೆಯು ತನ್ನ ಎಕ್ಸ್‌ಚೇಂಜಿನಲ್ಲಿಯೇ ಅಳವಡಿಸುವುದರಿಂದ, 4 ಸಂಖ್ಯೆಗಳನ್ನೂ ಒಂದೇ ಗುಂಪಿಗೆ ಸೇರಿಸುವಂತೆ ಅವರನ್ನೇ ಕೋರಬೇಕು. ಬಳಿಕ ಮೊದಲ ಸಂಖ್ಯೆಯನ್ನು ಮಾತ್ರ ಹೊರಗಿನವರಿಗೆ ಕೊಡಿ. ನಿಮ್ಮ ಹೊರಹೋಗುವ ಕರೆಗಳು 4ನೆಯ ಲೈನಿನಿಂದ ಹಿಮ್ಮುಖವಾಗಿ ಆಯ್ಕೆಯಾಗುವಂತೆ ಯಂತ್ರದಲ್ಲಿ ಹೊಂದಿಸಿದರೆ, ಮೊದಲ ಲೈನ್ ಹೆಚ್ಚು ಹೊತ್ತು ತೆರವಾಗಿರುತ್ತದೆ.

ಉತ್ತರ 2: ಇಷ್ಟಾದರೂ ಕೆಲಸ ಅರ್ಧವೇ. ಎಲ್ಲ ಲೈನ್‌ಗಳೂ ಸ್ವಾಗತ ಮೇಜಿನ ಒಂದೇ ಫೋನಿಗೆ ಬಂದು ನಿಂತರೆ ಎರಡನೆಯ ಕರೆಗೆ ಉತ್ತರಿಸುವವರು ಇರುವುದಿಲ್ಲ. ಆದ್ದರಿಂದ ಎರಡು ಮೂರು ಎಕ್ಸ್‌ಟೆನ್ಷನ್‌ಗಳ ‘ರಿಂಗ್ ಗ್ರೂಪ್’ (ಬಂದ ಕರೆ ಇವುಗಳಲ್ಲಿ ಯಾವುದರಲ್ಲಾದರೂ ಎತ್ತಿಕೊಳ್ಳಬಹುದಾದ ಗುಂಪು) ರಚಿಸಿಕೊಳ್ಳಿ. ಕರೆ ವರ್ಗಾಯಿಸುವಾಗ ಸಹೋದ್ಯೋಗಿ ಫೋನ್ ಎತ್ತಿದ್ದನ್ನು ಖಚಿತಪಡಿಸಿಕೊಂಡ ಮೇಲೆಯೇ ರಿಸೀವರ್ ಇಡುವುದು ಒಳ್ಳೆಯದು. ಬಹಳಷ್ಟು ಕರೆಗಳು ಕಳೆದುಹೋಗುವುದು ಈ ಅವಸರದಲ್ಲಿಯೇ.

ಪ್ರಶ್ನಿಸಿದವರು: ಸಂಸ್ಥೆಗೆ ಅರ್ಜಿ ಸಲ್ಲಿಸಿದ್ದೇನೆ. ಒಳಗೊಳಗಿನ ಮಾತುಕತೆಯೂ ಹೊರ ಲೈನನ್ನು ಹಿಡಿದಿಡುತ್ತದೆಯೇ?

ಉತ್ತರ 1: ಇಲ್ಲ. ಆದರೆ ಹೋಲ್ಡ್‌ನಲ್ಲಿಟ್ಟ ಹೊರಗಿನ ಕರೆ ಮಾತ್ರ ಲೈನನ್ನು ಬಿಡುವುದಿಲ್ಲ.