ಪಿಎಫ್‌ಸೆನ್ಸ್ ಫೈರ್‌ವಾಲ್‌ನಲ್ಲಿ ಸ್ಕ್ವಿಡ್ ಇದ್ದರೆ ರ‍್ಯಾಮ್ ಡಿಸ್ಕ್ ಎಷ್ಟಿಡಬೇಕು?

ಪ್ರಶ್ನೆ:
ಪಿಎಫ್‌ಸೆನ್ಸ್ ಬಾಕ್ಸ್, 4 ಜಿಬಿ ರ‍್ಯಾಮ್, 16 ಜಿಬಿ ಇಎಂಎಂಸಿ (ಬೋರ್ಡ್‌ನಲ್ಲೇ ಇರುವ ಫ್ಲಾಶ್ ಡಿಸ್ಕ್). ಸ್ಕ್ವಿಡ್ (ಒಮ್ಮೆ ತಂದ ವೆಬ್ ಫೈಲನ್ನು ಕ್ಯಾಶ್‌ನಲ್ಲಿ ಉಳಿಸಿಟ್ಟು ಮತ್ತೆ ಕೊಡುವ ಪ್ರಾಕ್ಸಿ) ಓಡುತ್ತಿದೆ, ಬಳಸುವವರು ಸುಮಾರು 60 ಮಂದಿ. ಇಎಂಎಂಸಿ ಸವೆಯಬಾರದು ಅಂತ ರ‍್ಯಾಮ್ ಡಿಸ್ಕ್ (ರ‍್ಯಾಮ್‌ನ ಒಂದು ಭಾಗವನ್ನೇ ಡಿಸ್ಕ್‌ನಂತೆ ಬಳಸುವುದು) ಆನ್ ಮಾಡಿದೆ. ಅಳತೆ ಡೀಫಾಲ್ಟ್ ಇದ್ದಂತೆಯೇ ಬಿಟ್ಟಿದ್ದೇನೆ: /ಟಿಎಂಪಿ (ತಾತ್ಕಾಲಿಕ ಫೈಲುಗಳ ಜಾಗ) 40 ಎಂಬಿ, /ವಾರ್ (ಲಾಗ್ ಮುಂತಾದವುಗಳ ಜಾಗ) 60 ಎಂಬಿ. /ವಾರ್ ಪೂರ್ತಿ ತುಂಬಿ ಸ್ಕ್ವಿಡ್ ನಿಂತುಹೋಗುತ್ತಿದೆ. /ವಾರ್ 2 ಜಿಬಿ ಮಾಡಿ ಕ್ಯಾಶನ್ನೂ ಅಲ್ಲೇ ಇಟ್ಟರೆ ವೇಗ ಹೆಚ್ಚುತ್ತದಾ?

ಉತ್ತರ 1:
ಕ್ಯಾಶ್ ಅಲ್ಲಿ ಇಡಬೇಡಿ. ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವುದಕ್ಕೆ ಸ್ಕ್ವಿಡ್‌ಗೆ ಮೆಮೊರಿ ಕ್ಯಾಶ್ ಅಂತ ತನ್ನದೇ ವ್ಯವಸ್ಥೆ ಇದೆ. ಡಿಸ್ಕ್ ಕ್ಯಾಶನ್ನು ರ‍್ಯಾಮ್ ಡಿಸ್ಕ್ ಮೇಲೆ ಕೂರಿಸಿದರೆ ಪದೇ ಪದೇ ಬೇಕಾಗುವ ಫೈಲು ಎರಡೂ ಕಡೆ ಜಾಗ ತಿನ್ನುತ್ತದೆ. ಅದರ ಮೇಲೆ ಯಾವ ಫೈಲು ಎಲ್ಲಿದೆ ಅನ್ನುವ ಇಂಡೆಕ್ಸ್ ಬೇರೆ, 64 ಬಿಟ್‌ನಲ್ಲಿ ಒಂದು ಜಿಬಿ ಡಿಸ್ಕ್ ಕ್ಯಾಶ್‌ಗೆ ಅಂದಾಜು 14 ಎಂಬಿ ರ‍್ಯಾಮ್. ರೀಬೂಟ್ ಆದರೆ ಎಲ್ಲ ಖಾಲಿ.

ಸ್ಕ್ವಿಡ್‌ನ ಲೋಕಲ್ ಕ್ಯಾಶ್ ಪುಟದಲ್ಲಿ ಹಾರ್ಡ್ ಡಿಸ್ಕ್ ಕ್ಯಾಶ್ ಸಿಸ್ಟಮ್ ಅನ್ನು 'ನಲ್' (ಡಿಸ್ಕ್ ಕ್ಯಾಶ್ ಬೇಡ) ಮಾಡಿ, ಮೆಮೊರಿ ಕ್ಯಾಶ್ 512 ಎಂಬಿ ಕೊಡಿ. ಆದರೆ ಇದು ಸ್ಕ್ವಿಡ್ ಪ್ರೋಸೆಸ್‌ನ ಒಟ್ಟು ಮಿತಿ ಅಲ್ಲ, ಪ್ರೋಸೆಸ್ ಅದಕ್ಕಿಂತ ಚೆನ್ನಾಗಿಯೇ ದೊಡ್ಡದಾಗಿ ಬೆಳೆಯುತ್ತದೆ. 1 ಜಿಬಿ ಅಂತಲೇ ಲೆಕ್ಕ ಹಿಡಿಯಿರಿ. ಎಚ್‌ಟಿಟಿಪಿಎಸ್ ಬಿಡಿಸಿ ನೋಡದೆ ಹಾಗೇ ಹಾಯಿಸುತ್ತಿದ್ದರೆ ಕ್ಯಾಶ್‌ಗೆ ಸಿಗುವುದೇ ಕಡಿಮೆ, ಆಗ 256 ಎಂಬಿ ಧಾರಾಳ.

ಇನ್ನು /ವಾರ್ ತುಂಬಿಸುತ್ತಿರುವುದು ಬಹುಪಾಲು ಆಕ್ಸೆಸ್ ಲಾಗ್ (ಯಾರು ಏನು ತೆರೆದರು ಅನ್ನುವ ದಾಖಲೆ). ಒಂದು ಸಾಲಿಗೆ 200 ಬೈಟ್ ಅಂದುಕೊಂಡರೂ ದಿನಕ್ಕೆ 5 ಲಕ್ಷ ರಿಕ್ವೆಸ್ಟ್‌ಗೆ 100 ಎಂಬಿ. ಎರಡು ದಿನದ ಹಳೆ ಲಾಗ್, ಜೊತೆಗೆ ಇವತ್ತಿನದು, ಅಲ್ಲಿಗೆ 300. ಸಿಸ್ಟಮ್ ಲಾಗ್, ಗ್ರಾಫ್ ಡೇಟಾ, ಡಿಎಚ್‌ಸಿಪಿ ಲೀಸ್ (ಯಾವ ಯಂತ್ರಕ್ಕೆ ಯಾವ ಐಪಿ ಅನ್ನುವ ಪಟ್ಟಿ) ಸೇರಿ ಇನ್ನೊಂದು 100. ಹಾಗಾಗಿ /ವಾರ್‌ಗೆ 512 ಎಂಬಿ, /ಟಿಎಂಪಿಗೆ 128 ಇಡಿ. ಸ್ಟೇಟ್ ಟೇಬಲ್ಲನ್ನು (ಫೈರ್‌ವಾಲ್ ಇಟ್ಟುಕೊಳ್ಳುವ ಚಾಲ್ತಿ ಸಂಪರ್ಕಗಳ ಪಟ್ಟಿ) ಮರೆಯಬೇಡಿ: ಒಂದು ಸ್ಟೇಟ್‌ಗೆ ಸುಮಾರು 1 ಕೆಬಿ, 4 ಲಕ್ಷ ತುಂಬಿದರೆ 400 ಎಂಬಿ ಹೋಯಿತು.

ಅಳತೆ ಬದಲಾಯಿಸಿದ ಮೇಲೆ ರೀಬೂಟ್ ಆಗಲೇಬೇಕು.

ಉತ್ತರ 2:
ಮೇಲಿನ ಲೆಕ್ಕ ಕ್ಲಾಮ್‌ಎವಿ ಆಂಟಿವೈರಸ್ ಇಲ್ಲದಿದ್ದರೆ ಮಾತ್ರ. ಸ್ಕ್ವಿಡ್ ಪ್ಯಾಕೇಜಿನ ಆಂಟಿವೈರಸ್ ಆನ್ ಇದ್ದರೆ ಅದರ ಸಿಗ್ನೇಚರ್‌ಗಳು (ವೈರಸ್ ಗುರುತಿಸುವ ಫೈಲುಗಳು) ಬಂದು ಕೂರುವುದೂ /ವಾರ್ ಒಳಗೇ, ಕೆಲವು ನೂರು ಎಂಬಿ. ಅಪ್‌ಡೇಟ್ ಆಗುವಾಗ ಹಳೆಯದು ಹೊಸದು ಎರಡೂ ಒಟ್ಟಿಗೆ ಇರುತ್ತವೆ. ಜೊತೆಗೆ ಸ್ಕ್ಯಾನರ್ ಅವನ್ನೆಲ್ಲ ಮೆಮೊರಿಗೆ ಎತ್ತಿಕೊಂಡು 1 ಜಿಬಿ ಆಸುಪಾಸು ನುಂಗುತ್ತದೆ. 4 ಜಿಬಿ ಬಾಕ್ಸ್‌ನಲ್ಲಿ ರ‍್ಯಾಮ್ ಡಿಸ್ಕ್ ಬೇಕೋ ಆಂಟಿವೈರಸ್ ಬೇಕೋ, ಒಂದನ್ನು ಆರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ಆಂಟಿವೈರಸ್ ಇಲ್ಲ. ದೊಡ್ಡ ಲಾಗ್ ಫೈಲನ್ನು ಡಿಲೀಟ್ ಮಾಡಿದರೂ ಡಿಎಫ್ (ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುವ ಕಮಾಂಡ್) ಇನ್ನೂ 100% ಅಂತಲೇ ತೋರಿಸುತ್ತಿದೆ. ಡಿಯು (ಫೈಲುಗಳ ಅಳತೆ ಕೂಡಿಸುವ ಕಮಾಂಡ್) ಮಾತ್ರ 20 ಎಂಬಿ ಅನ್ನುತ್ತಿದೆ.

ಉತ್ತರ 3:
ಆ ಫೈಲನ್ನು ಸ್ಕ್ವಿಡ್ ಇನ್ನೂ ತೆರೆದಿಟ್ಟುಕೊಂಡಿದೆ. ಹೆಸರು ಹೋದರೂ ಪ್ರೋಸೆಸ್ ಕೈಬಿಡುವ ತನಕ ಜಾಗ ವಾಪಸ್ ಬರುವುದಿಲ್ಲ. ಸ್ಕ್ವಿಡ್ ರೀಸ್ಟಾರ್ಟ್ ಮಾಡಿ, ಸರಿಹೋಗುತ್ತದೆ. ಇನ್ನು ಮುಂದೆ ಡಿಲೀಟ್ ಮಾಡದೆ ರೊಟೇಟ್ ಮಾಡಿ (ಹಳೆ ಲಾಗ್ ಬದಿಗಿಟ್ಟು ಹೊಸ ಫೈಲ್ ಶುರು ಮಾಡುವುದು), ಎಷ್ಟು ದಿನದ ಲಾಗ್ ಉಳಿಯಬೇಕು ಅನ್ನುವುದನ್ನು ಪ್ಯಾಕೇಜ್ ಸೆಟ್ಟಿಂಗ್‌ನಲ್ಲೇ 2 ಅಂತ ಕೊಡಿ. /ವಾರ್ ತುಂಬಿದಾಗ ಏಟು ಸ್ಕ್ವಿಡ್‌ಗೆ ಮಾತ್ರ ಬೀಳುವುದಿಲ್ಲ, ಡಿಎಚ್‌ಸಿಪಿ ಕೂಡ ಲೀಸ್ ಬರೆಯಲಾಗದೆ ಒದ್ದಾಡುತ್ತದೆ. ಅದಕ್ಕೇ 80% ದಾಟುವ ಮೊದಲೇ ನೋಡಿಕೊಳ್ಳುವುದು ಮುಖ್ಯ.

ರ‍್ಯಾಮ್ ಡಿಸ್ಕ್ ಪುಟದಲ್ಲಿರುವ ನಿಗದಿತ ಬ್ಯಾಕಪ್ ಗ್ರಾಫ್ ಡೇಟಾ, ಡಿಎಚ್‌ಸಿಪಿ ಲೀಸ್, ಸಿಸ್ಟಮ್ ಲಾಗ್ ಮುಂತಾದವುಗಳಿಗೆ. ಸ್ಕ್ವಿಡ್ ಲಾಗ್ ಅದರಲ್ಲಿ ಉಳಿಯುತ್ತದೆ ಅಂತ ನಂಬಬೇಡಿ, ಬೇಕಿದ್ದರೆ ಬೇರೆ ಸಿಸ್ಲಾಗ್ (ಲಾಗ್ ಸಂಗ್ರಹಿಸುವ) ಸರ್ವರ್‌ಗೆ ಕಳಿಸಿ. ಮುಂದೆಂದಾದರೂ ಡಿಸ್ಕ್ ಕ್ಯಾಶ್ ಬೇಕೆನಿಸಿದರೆ ಅದರ ಜಾಗವನ್ನು /ವಾರ್ ಹೊರಗೆ, ನಿಜವಾದ ಡಿಸ್ಕ್ ಮೇಲೆ ತೋರಿಸಿ. ಇಲ್ಲದಿದ್ದರೆ ಪ್ರತಿ ಬೂಟ್‌ನಲ್ಲೂ ಕ್ಯಾಶ್ ಫೋಲ್ಡರ್‌ಗಳು ಮಾಯವಾಗಿ, ಅವನ್ನು ಮತ್ತೆ ಹುಟ್ಟಿಸುವ ತನಕ ಸ್ಕ್ವಿಡ್ ಏಳುವುದಿಲ್ಲ.