ಮೆಷಿನ್ ನಿಂತಿದೆ, ಕಂತು ನಿಂತಿಲ್ಲ: ಓದುಗರ ಸ್ಪಂದನ

ಸುಂಟಿಕೊಪ್ಪದ ಹತ್ತಿರ ಮರಗೆಲಸದ ಶೆಡ್ ನಡೆಸುವ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು: "ಸಾಲ ಮಾಡಿ ಎಂಟಡಿ–ನಾಲ್ಕಡಿಯ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಮರ ಕತ್ತರಿಸಿ ಕೊರೆಯುವ ಮೆಷಿನ್) ತಂದೆ. ದೇವರ ಕೋಣೆಯ ಜಾಲಿ, ಮನೆಬಾಗಿಲು ಅಂತ ತಿಂಗಳಿಗೆ ಎರಡು ಮೂರು ಕೆಲಸ ಬರುತ್ತದೆ. ಉಳಿದ ದಿನ ಮೆಷಿನ್ ಸುಮ್ನೆ ನಿಂತಿರುತ್ತದೆ. ಒಂದೇ ಥರದ ಮಾಲನ್ನು ನೂರು, ಇನ್ನೂರರ ಲೆಕ್ಕದಲ್ಲಿ ಮಾಡುವ ಕೆಲಸ ಎಲ್ಲಿ ಸಿಗುತ್ತದೆ?"

ಕುಶಾಲನಗರದಿಂದ ಒಬ್ಬ ಬಡಗಿ

ಅಣ್ಣಾ, ನಿಮ್ಮ ಪತ್ರ ಓದುವಾಗ ನನ್ನದೇ ಕತೆ ಓದಿದ ಹಾಗಾಯಿತು. ಮೆಷಿನ್ ತಂದ ಮೊದಲ ವರ್ಷ ನಾನೂ ದೊಡ್ಡ ಆರ್ಡರ್ ಹುಡುಕಿಕೊಂಡು ಬೆಂಗಳೂರಿಗೆ ಓಡಾಡಿದೆ. ಒಂದು ಕಡೆ ಅರವತ್ತು ಜಾಲಿಯ ಕೆಲಸ ಸಿಕ್ಕಿತು. ಒಂದು ಕತ್ತರಿಸಲು 40 ನಿಮಿಷ ಅಂತ ಲೆಕ್ಕ ಹಾಕಿ ರೇಟು ಹೇಳಿಬಿಟ್ಟೆ. ಆದರೆ ಜಾಲಿಯಲ್ಲಿ ಕೊರೆದ ಒಂದೊಂದು ಹೂವಿನ ಸಂದಿಗೂ ಸ್ಯಾಂಡ್ ಪೇಪರ್ ಮಡಚಿ ತೂರಿಸಿ ಉಜ್ಜಲು ಜಾಲಿಗೆ ಒಂದೂವರೆ ಗಂಟೆ ಹಿಡಿಯಿತು. ಸಾಲದ್ದಕ್ಕೆ ಜುಲೈ ಮಳೆ. ಗೋಡೆಗೆ ಒರಗಿಸಿಟ್ಟಿದ್ದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಜಾಲಿಗಳ ಕೆಳಗಿನ ಅಂಚು ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತ್ತು. ಹನ್ನೊಂದು ಜಾಲಿ ಮತ್ತೆ ಮಾಡಿಕೊಟ್ಟೆ.

ನನ್ನ ಶೆಡ್ ಉಳಿದದ್ದು ಸುತ್ತಮುತ್ತಲಿನ ಬಡಗಿಗಳಿಂದ. ಮೆಷಿನ್ ಇಲ್ಲದವರು ನಿಮ್ಮ ಕಡೆ ಎಷ್ಟು ಜನ ಇದ್ದಾರೆ, ಎಣಿಸಿ ನೋಡಿ. ಅವರೆಲ್ಲ ನಮಗೆ ಪೈಪೋಟಿ ಅಂದುಕೊಂಡು ಕೂತಿರುತ್ತೇವೆ, ಅಲ್ವಾ? ಒಂದು ಅಡುಗೆಮನೆ ಅಂದರೆ ಇಪ್ಪತ್ತು ಇಪ್ಪತ್ತೈದು ಬಾಗಿಲು. ಪ್ರತಿಯೊಂದಕ್ಕೂ ಆಟೋ ಹಿಂಜ್ (ತಾನಾಗಿ ಮುಚ್ಚಿಕೊಳ್ಳುವ ಕೀಲು) ಕೂರಿಸಲು 35 ಮಿ.ಮೀ. ಗುಂಡಿ. ಅವರು ಡ್ರಿಲ್ ಹಿಡಿದು ಎರಡು ದಿನ ಮಾಡುವುದನ್ನು ನಿಮ್ಮ ಮೆಷಿನ್ ತಿಂಡಿಯಿಂದ ಊಟದೊಳಗೆ ಮುಗಿಸುತ್ತದೆ. ನಾನು ಒಂದು ಮಾದರಿ ಬಾಗಿಲು ಮಾಡಿ, ಹಿಂಜ್ ಸಮೇತ ಸ್ಕೂಟರಿನಲ್ಲಿಟ್ಟುಕೊಂಡು ಪ್ಲೈವುಡ್ ಅಂಗಡಿಗಳಿಗೆ ಹೋದೆ. ಬಡಗಿಗಳು ಬೆಳಿಗ್ಗೆ ಸಿಗುವುದೇ ಅಲ್ಲಿ. "ಅಳತೆ ಚೀಟಿ ಕೊಡಿ, ಶೀಟು ಕೊಡಿ, ಕತ್ತರಿಸಿ ಗುಂಡಿ ಹಾಕಿ ಕೊಡುತ್ತೇನೆ. ಮನೆಯವರ ಹತ್ತಿರ ನಾನು ಮಾತಾಡುವುದಿಲ್ಲ, ಗಿರಾಕಿ ನಿಮ್ಮವರೇ" ಅಂದೆ. ಆ ಕೊನೆಯ ಮಾತನ್ನು ಇವತ್ತಿಗೂ ಮುರಿದಿಲ್ಲ. ಈಗ ವಾರಕ್ಕೆ ನಾಲ್ಕು ದಿನ ಅವರ ಕೆಲಸವೇ ಓಡುತ್ತದೆ.

ರೇಟು ಹೇಳುವಾಗ ಶೀಟು ಏರಿಸುವುದು, ಇಳಿಸುವುದು, ಬಿಟ್ (ಕತ್ತರಿಸುವ ಅಲಗು) ಸವೆಯುವುದು ಎಲ್ಲವನ್ನೂ ಸೇರಿಸಿ. ಪ್ಲೈಗೆ ಕಂಪ್ರೆಷನ್ ಬಿಟ್ ಹಾಕಿ, ಮೇಲೂ ಕೆಳಗೂ ಅಂಚು ಸೀಳುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳೋಕಾಗಲ್ಲ. ಟೇಬಲ್ಲಿನ ಒಂದು ಮೂಲೆಗೆ ಎರಡು ಪಟ್ಟಿ ಹೊಡೆದು, ಎಲ್ಲ ಶೀಟೂ ಅದಕ್ಕೆ ತಾಗಿ ಕೂರುವ ಹಾಗೆ ಮಾಡಿ. ಮೆಷಿನ್ ಅಳತೆ ಶುರು ಮಾಡುವ ಸೊನ್ನೆ ಯಾವಾಗಲೂ ಅದೇ ಮೂಲೆ. ಕರೆಂಟ್ ಬಂದ ಮೇಲೆ ಮೆಷಿನನ್ನು ಹೋಮ್‌ಗೆ (ಅದರ ಮೊದಲ ಜಾಗಕ್ಕೆ) ಕಳಿಸಿ ಕೆಲಸ ಮತ್ತೆ ಹಿಡಿಯಬಹುದು, ಶೀಟು ಹಾಳಾಗುವುದಿಲ್ಲ.

ಮಡಿಕೇರಿಯಿಂದ, ಲೆಕ್ಕಪತ್ರ ನೋಡುವವರು

ಸಣ್ಣ ಉದ್ದಿಮೆಗಳಿಗಾಗಿ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿದ್ದೀರಾ? ಆನ್‌ಲೈನಿನಲ್ಲಿ ಆಗುತ್ತದೆ, ಶುಲ್ಕ ಇಲ್ಲ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ನಿಮ್ಮ ಮಾಲು ಕೊಂಡ ವ್ಯಾಪಾರಿ 15 ದಿನದೊಳಗೆ ದುಡ್ಡು ಕೊಡಬೇಕು. ಬರಹದ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಬಿಲ್ಲಿನ ಮೇಲೆ ನೋಂದಣಿ ಸಂಖ್ಯೆ ಅಚ್ಚು ಹಾಕಿಸಿ. ಹೊಸ ಗಿರಾಕಿಯಾದರೆ ಅರ್ಧ ಮುಂಗಡ ಇಲ್ಲದೆ ಶೀಟು ಮುಟ್ಟಬೇಡಿ.

ಗೋಣಿಕೊಪ್ಪದಿಂದ, ಹೋಂಸ್ಟೇ ನಡೆಸುವವರು

ಅಣ್ಣಾ, ನಮ್ಮಲ್ಲಿ ಉಳಿದವರು ಹೊರಡುವಾಗ ಕಾಫಿಪುಡಿ, ಕಾಳುಮೆಣಸು ಕೇಳಿ ಒಯ್ಯುತ್ತಾರೆ. ಅದಕ್ಕೆ ಪುಟ್ಟ ಮರದ ಪೆಟ್ಟಿಗೆಗಳನ್ನು ಹೊರಗಿನಿಂದ ತರಿಸುತ್ತೇನೆ, ಒಮ್ಮೆಗೆ ಇನ್ನೂರು. ಕಳೆದ ಸಲ ಬಂದವಕ್ಕೆ ಒಳಗೂ ವಾರ್ನಿಷ್ ಬಳಿದಿದ್ದರು. ಎರಡೇ ದಿನದಲ್ಲಿ ಕಾಫಿಪುಡಿಯೂ ಅದೇ ವಾಸನೆ. ನನಗೆ ಬೇಕಾದ್ದು ಒಳಗೆ ಏನೂ ಬಳಿಯದ, ಜಾರಿಸಿ ಮುಚ್ಚುವ ಪೆಟ್ಟಿಗೆ. ದಸರಾ ರಜೆಗೆ ಜನ ಶುರುವಾಗುವ ಮೊದಲು ಮಾದರಿ ತೋರಿಸಿ.

ಇನ್ನೊಂದು ಮಾತು. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯನ್ನು ಪ್ರತಿ ಸಲ ಒಂದೊಂದು ಕುಟುಂಬ ನಡೆಸುತ್ತದೆ. ನೂರಾರು ತಂಡ ಆಡುತ್ತವೆ, ನೆನಪಿನ ಕಾಣಿಕೆ ಬೇಕಾಗುತ್ತದೆ. ಮುಂದಿನ ಸರದಿ ಯಾರದು ಅಂತ ಮೊದಲೇ ಗೊತ್ತಿರುತ್ತದೆ, ಹೋಗಿ ಮಾತಾಡಿ.

ಭಾಗಮಂಡಲ ಕಡೆಯಿಂದ, ಜೇನು ಸಾಕುವವರು

ತಮ್ಮಾ, ಜೇನುಪೆಟ್ಟಿಗೆ ಮಾಡು. ತುಡುವೆ ಜೇನಿಗೆ ಫ್ರೇಮಿಗೂ (ಎರಿ ಕಟ್ಟಲು ಇಡುವ ಮರದ ಚೌಕಟ್ಟು) ಪೆಟ್ಟಿಗೆ ಗೋಡೆಗೂ ನಡುವೆ ಏಳೆಂಟು ಮಿ.ಮೀ. ದಾರಿ ಬೇಕು. ಜಾಸ್ತಿ ಬಿಟ್ಟರೆ ಅಲ್ಲೂ ಎರಿ ಕಟ್ಟುತ್ತವೆ. ಆಮೇಲೆ ಫ್ರೇಮ್ ಎತ್ತಿದರೆ ಎರಿ ಹರಿದು ಮರಿಗಳೇ ಕೆಳಗೆ ಬೀಳುತ್ತವೆ, ನೋಡಲಾಗುವುದಿಲ್ಲ. ಕೈಯಲ್ಲಿ ಮಾಡಿದ ಪೆಟ್ಟಿಗೆಗಳಲ್ಲಿ ಒಂದರ ಫ್ರೇಮ್ ಇನ್ನೊಂದಕ್ಕೆ ಕೂರದೆ ನಾನು ಎಷ್ಟೋ ಸಲ ಕತ್ತಿಯಿಂದ ಕೆತ್ತಿದ್ದೇನೆ. ನೂರಕ್ಕೆ ನೂರೂ ಒಂದೇ ಅಳತೆ ಬರುವುದು ನಿನ್ನ ಮೆಷಿನ್‌ನಲ್ಲಿ ಮಾತ್ರ. ಜೇನುಪೆಟ್ಟಿಗೆಯಲ್ಲೂ ನ್ಯೂಟನ್ ಮಾದರಿಯ ಅಳತೆ ಬೇರೆ, ಐಎಸ್‌ಐ ಮಾದರಿಯ ಅಳತೆ ಬೇರೆ. ಯಾವುದು ಬೇಕು ಅಂತ ಕೇಳಿಯೇ ಶುರು ಮಾಡು. ಸಿಲ್ವರ್ ಓಕ್ ಹಸಿ ಇದ್ದರೆ ತಿರುಚಿಕೊಳ್ಳುತ್ತದೆ, ಚೆನ್ನಾಗಿ ಒಣಗಿಸಿದ್ದೇ ಆಗಬೇಕು. ಕಾಫಿ ಹೂ ಬಿಡುವ ಮುಂಚೆ ಪೆಟ್ಟಿಗೆ ನಮ್ಮ ಕೈ ಸೇರಬೇಕು. ಹಾಗಾಗಿ ಕೆಲಸ ಇಲ್ಲದ ಮಳೆಗಾಲದಲ್ಲೇ ಮಾಡಿಡಬಹುದು.

ನನಗೆ ಈ ವರ್ಷ ಮೂವತ್ತು ಬೇಕು. ಅಳತೆ ತೆಗೆಯಲು ಒಂದು ಖಾಲಿ ಪೆಟ್ಟಿಗೆ ತೊಳೆದು ಜಗಲಿಯಲ್ಲಿ ಒಣಗಲು ಇಟ್ಟಿದ್ದೇನೆ. ಬಂದು ತೆಗೆದುಕೊಂಡು ಹೋಗು.