ಪ್ರಮೇಯದ ಸಾಧನೆ ಪೂರ್ತಿಯಾಗಿದೆ, ಆದರೂ ಓಡಿಸಿದರೆ -2 ಬರುತ್ತಿದೆ

ಬಾಲಬೋಧೆ:
ಸರದಿಯಲ್ಲಿ ಎಷ್ಟು ಜಾಗ ಖಾಲಿಯಿದೆ ಎಂದು ಹೇಳುವ ಫಂಕ್ಷನ್ ಒಂದನ್ನು ಪ್ರೋಗ್ರಾಮ್ ಬಗೆಗಿನ ಪ್ರಮೇಯಗಳ ಸಾಧನೆಯನ್ನು ಪರೀಕ್ಷಿಸುವ ಕಾಕ್‌ನಲ್ಲಿ (ಈಗ ಅದರ ಹೆಸರು ರಾಕ್) ಬರೆದೆ. ಒಟ್ಟು ಜಾಗದಿಂದ ತುಂಬಿದ ಜಾಗವನ್ನು ಕಳೆಯುವುದು, ಅಷ್ಟೇ. ‘ಖಾಲಿ ಜಾಗ ಒಟ್ಟು ಜಾಗವನ್ನು ಮೀರದು’ ಎಂಬ ಪ್ರಮೇಯವನ್ನೂ ಸಾಧಿಸಿದೆ. ಎಕ್ಸ್‌ಟ್ರ್ಯಾಕ್ಷನ್ ಮಾಡಿ (ಅಂದರೆ ಕಾಕ್‌ನಲ್ಲಿ ಬರೆದದ್ದನ್ನು ಬೇರೆ ಭಾಷೆಗೆ ತಾನಾಗಿ ಪರಿವರ್ತಿಸಿ) ಸಿಕ್ಕ ಓಕ್ಯಾಮಲ್ ಭಾಷೆಯ ಕೋಡ್ ಓಡಿಸಿದರೆ, ಅರೇ ಸೃಷ್ಟಿಸುವ ಸಾಲಿನಲ್ಲಿ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಂದು ಕುಸಿಯುತ್ತದೆ. ಮುದ್ರಿಸಿ ನೋಡಿದೆ: -2. ಸ್ವಾಭಾವಿಕ ಸಂಖ್ಯೆಗೆ ಈ ಋಣ ಚಿಹ್ನೆ ಎಲ್ಲಿಂದ ಅಂಟಿಕೊಂಡಿತು? ಸಾಧನೆ ಏನನ್ನು ನಂಬಿ ನಿಂತಿದೆ ಎಂದು ತೋರಿಸುವ ‘ಪ್ರಿಂಟ್ ಅಸಂಪ್ಷನ್ಸ್’ ಆಜ್ಞೆಯನ್ನು ಕೇಳಿದರೆ, ಸಾಧಿಸದೆ ಒಪ್ಪಿಕೊಂಡ ಮಾತು (ಆಕ್ಸಿಯಮ್) ಒಂದು ಕೂಡ ಇಲ್ಲ ಎನ್ನುತ್ತದೆ.

ಹಳೇ ಒಂಟೆ:
ವೇಗಕ್ಕಾಗಿ ವ್ಯವಕಲನವನ್ನು ಓಕ್ಯಾಮಲ್‌ನ ಮೈನಸ್‌ಗೆ ನೀವೇ ಜೋಡಿಸಿದ್ದೀರಾ?

ಬಾಲಬೋಧೆ:
ಹೌದು. ಇಲ್ಲದಿದ್ದರೆ ಪ್ರತಿ ಸಂಖ್ಯೆಯೂ ‘ಎಸ್ ಎಸ್ ಎಸ್ ಓ’ (ಸೊನ್ನೆಗೆ ಮೂರು ಬಾರಿ ಒಂದು ಕೂಡಿಸಿದ್ದು, ಅಂದರೆ 3) ಎಂಬಂತೆ ಸರಪಳಿಯಾಗಿ ಬಂದು ತೆವಳುತ್ತಿತ್ತು.

ಹಳೇ ಒಂಟೆ:
ಹಾಗಾದರೆ ಕಳ್ಳ ಸಿಕ್ಕಿದ. ಕಾಕ್‌ನ ಸ್ವಾಭಾವಿಕ ಸಂಖ್ಯೆಗಳಲ್ಲಿ 3ರಿಂದ 5 ಕಳೆದರೆ 0, ಓಕ್ಯಾಮಲ್‌ನಲ್ಲಿ -2. ಎರಡೂ ಒಂದೇ ಎಂದು ಹೇಳಿದವರು ನೀವು. ಕಾಕ್ ಆ ಸಾಲನ್ನು ಕಣ್ಣು ಮುಚ್ಚಿ ನಂಬುತ್ತದೆ, ‘ಪ್ರಿಂಟ್ ಅಸಂಪ್ಷನ್ಸ್’ ಅದನ್ನು ನೋಡುವುದೂ ಇಲ್ಲ. ತಮಾಷೆಯೆಂದರೆ -2 ಕೂಡ 3ನ್ನು ಮೀರಿಲ್ಲ, ನಿಮ್ಮ ಪ್ರಮೇಯಕ್ಕೆ ಕೂದಲೂ ಕೊಂಕಿಲ್ಲ!

ಕಾಕ್ ಜೊತೆಗೆ ಬರುವ ‘ಎಕ್ಸ್‌ಟ್ರ್‌ಓಕ್ಯಾಮಲ್‌ನ್ಯಾಟ್‌ಇಂಟ್’ ಲೈಬ್ರರಿ ಉತ್ತರ 0ಗಿಂತ ಕೆಳಗಿಳಿಯದಂತೆ ತಡೆಯುತ್ತದೆ. ಆದರೆ ಓಕ್ಯಾಮಲ್‌ನ ಪೂರ್ಣಾಂಕ, 64 ಬಿಟ್ ಯಂತ್ರದಲ್ಲಿ, 63 ಬಿಟ್‌ನದು. 4611686018427387903 ದಾಟಿದರೆ ಸುತ್ತಿಕೊಂಡು ಋಣಕ್ಕೆ ಹೋಗುತ್ತದೆ. ದೊಡ್ಡ ಸಂಖ್ಯೆಗಳಿದ್ದರೆ ಕಾಕ್‌ನ ಪೂರ್ಣಾಂಕಗಳ ಝಡ್ ಪ್ರಕಾರದಲ್ಲಿ ಬರೆದು, ಎಷ್ಟು ದೊಡ್ಡ ಸಂಖ್ಯೆಯನ್ನಾದರೂ ಹಿಡಿಯುವ ಓಕ್ಯಾಮಲ್ ಲೈಬ್ರರಿ ಝರಿತ್‌ಗೆ ಜೋಡಿಸಿ.

ನನ್ನನ್ನು ಕೇಳಿದರೆ, 0 ಬಂದಿದ್ದರೂ ಅದು ತಪ್ಪೇ. 3 ಜಾಗದ ಸರದಿಯಲ್ಲಿ 5 ತುಂಬಿದ್ದಾದರೂ ಹೇಗೆ?

ಬಾಲಬೋಧೆ:
ಲೈಬ್ರರಿ ಹಾಕಿದೆ, ಕುಸಿತ ನಿಂತಿತು. ಆ 5 ಬಂದದ್ದು ನಾನು ಕೈಯಾರೆ ಬರೆದ ಓಕ್ಯಾಮಲ್ ಭಾಗದಿಂದ: ಸರದಿ ತುಂಬಿರುವಾಗಲೇ ಸೆಟ್ಟಿಂಗ್ಸ್ ಕಡತವನ್ನು ಮತ್ತೆ ಓದಿ ಒಟ್ಟು ಜಾಗವನ್ನು ಕುಗ್ಗಿಸುತ್ತಿತ್ತು. ‘ತುಂಬಿದ್ದು ಒಟ್ಟನ್ನು ಮೀರಿಲ್ಲ’ ಎಂಬ ಷರತ್ತನ್ನು ಫಂಕ್ಷನ್‌ಗೇ ಸೇರಿಸಿದರೆ ಸಾಕೇ?

ಹಳೇ ಒಂಟೆ:
ಸೇರಿಸಿ, ಆದರೆ ಎಕ್ಸ್‌ಟ್ರ್ಯಾಕ್ಷನ್ ಅಂಥ ಷರತ್ತುಗಳನ್ನು ಅಳಿಸಿಹಾಕುತ್ತದೆ. ಓಕ್ಯಾಮಲ್ ಕಡೆಯಿಂದ ಯಾರು ಬೇಕಾದರೂ 3, 5 ಕೊಟ್ಟು ಕರೆಯಬಹುದು. ಕಡತ ಓದುವ ಜಾಗದಲ್ಲೇ ಹೋಲಿಸಿ ನೋಡಿ, ಮೀರಿದ್ದರೆ ಹೊಸ ಮೌಲ್ಯವನ್ನು ತಿರಸ್ಕರಿಸಿ.